ಲಿಪಿಕಾರನ ತಪ್ಪನ್ನೂ ಕಲ್ಲಿನ ಮೇಲೆ ಬರೆಸಿದ ರಾಜ

ಸನ್ನತಿ ಅಂದ ತಕ್ಷಣ ನಮ್ಮ ಕಡೆಯ ಮಂದಿಗೆ ನೆನಪಾಗೋದು ಚಂದ್ರಲಾಂಬಾ ತಾಯಿ. ಭೀಮಾ ನದಿಯ ದಂಡೆ, ಗುಡಿ, ಹರಕೆ, ಮನೆದೇವರ ದರ್ಶನ. ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಕಾಲೇಜಿಗೆ ಬರುವ ಗೆಳೆಯರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಅಪ್ಪ ಅವ್ವನ ಜೊತೆ ಅಲ್ಲಿಗೆ ಹೋಗಿಬಂದವರೇ. ಅದೇ ಗುಡಿಯ ಆವರಣದಲ್ಲಿ ಕಾಳಿಯ ಚಿಕ್ಕ ಗುಡಿ ಒಂದಿತ್ತು. 1986ರಲ್ಲಿ ಅದರ ಮಾಳಿಗೆ ಕುಸಿದುಬಿತ್ತು, ಮೂರ್ತಿ ಒಡೆಯಿತು. ಮೂರ್ತಿಯ ಕೆಳಗೆ ಪೀಠವಾಗಿ ಹಾಕಿದ್ದ ಕಲ್ಲುಚಪ್ಪಡಿ ಹೊರಬಂತು. ಅದರ ಎರಡೂ ಮೈ ಮೇಲೆ ಬ್ರಾಹ್ಮಿ ಅಕ್ಷರ! 1989ರ ಹೊತ್ತಿಗೆ ಅದು ಅಶೋಕ ಚಕ್ರವರ್ತಿಯ ಶಾಸನ ಅಂತ ಜಗತ್ತಿಗೇ ಗೊತ್ತಾಯಿತು.

ಅಶೋಕನ ಬಗ್ಗೆ ಬರೆಯೋಕೆ ಶೆಲ್ ಸ್ಕ್ರಿಪ್ಟ್ ಲ್ಯಾಬ್ ಕಾರಣ ಆಯ್ತು ಅಂದ್ರೆ ನಗ್ತೀರಿ. ಆದರೂ ವಿಷಯ ಹಂಗೇ ಇದೆ. ಶೆಲ್ ಸ್ಕ್ರಿಪ್ಟ್‌ಗಳಿಗೆ ಆಟೋಮೇಟೆಡ್ ಟೆಸ್ಟ್ ಬರೆಯೋದನ್ನ ಕಲಿಯೋಕೆ ಒಂದಿಷ್ಟು ಟೆಕ್ಸ್ಟ್ ಫೈಲ್ ಬೇಕಿತ್ತು. ಒಂದೇ ಪಠ್ಯದ ಹತ್ತಾರು ಪ್ರತಿಗಳು, ಒಂದಕ್ಕೊಂದು ಸ್ವಲ್ಪ ಸ್ವಲ್ಪ ಬೇರೆ, ಅಲ್ಲಲ್ಲಿ ಹರಿದುಹೋದದ್ದು. ಅಶೋಕನ ಶಾಸನಗಳಿಗಿಂತ ಒಳ್ಳೆಯ ಟೆಸ್ಟ್ ಡೇಟಾ ಎಲ್ಲಿ ಸಿಗುತ್ತೆ ಹೇಳಿ? ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಮನುಷ್ಯ ಒಂದೇ ಸಂದೇಶವನ್ನು ಅಫ್ಘಾನಿಸ್ತಾನದಿಂದ ನಮ್ಮ ಭೀಮಾ ತೀರದವರೆಗೆ ಕಳಿಸಿದ, ಮತ್ತೆ ಪ್ರತಿಗಳಲ್ಲಿ ತಪ್ಪು ಆಗಿರಬಹುದು ಅಂತ ತಾನೇ ಕಲ್ಲಿನಲ್ಲಿ ಬರೆಸಿದ. ಆ ಮನುಷ್ಯನ ಜೀವನ ನೋಡೋಣ ಬನ್ನಿ.

ಅಶೋಕ ಮೌರ್ಯ ವಂಶದ ಮೂರನೆಯ ರಾಜ. ತಾತ ಚಂದ್ರಗುಪ್ತ, ತಂದೆ ಬಿಂದುಸಾರ. ರಾಜಧಾನಿ ಪಾಟಲಿಪುತ್ರ, ಅಂದ್ರೆ ಇವತ್ತಿನ ಪಟ್ನಾ. ಅವನ ಬಾಲ್ಯದ ಬಗ್ಗೆ ನಮಗೆ ಸಿಗೋದೆಲ್ಲ ಅವನು ಸತ್ತು ನೂರಾರು ವರ್ಷ ಆದ ಮೇಲೆ ಬರೆದ ಪುಸ್ತಕಗಳಿಂದ: ಸಂಸ್ಕೃತದ ಅಶೋಕಾವದಾನ, ಶ್ರೀಲಂಕಾದ ಪಾಲಿ ಗ್ರಂಥಗಳಾದ ದೀಪವಂಸ, ಮಹಾವಂಸ. ಇವುಗಳ ಪ್ರಕಾರ ಅವನು ನೋಡೋಕೆ ಚೆಂದ ಇರಲಿಲ್ಲ, ತಂದೆಗೆ ಅವನ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ತಕ್ಷಶಿಲೆಯಲ್ಲಿ ದಂಗೆ ಎದ್ದಾಗ ಅವನನ್ನು ಅಲ್ಲಿಗೆ ಕಳಿಸಿದರು. ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದಾಗ ವಿದಿಶೆಯ ವ್ಯಾಪಾರಿಯ ಮಗಳು ದೇವಿಯ ಜೊತೆ ಸಂಬಂಧ ಆಯ್ತು, ಮಹಿಂದ ಮತ್ತು ಸಂಘಮಿತ್ತಾ ಹುಟ್ಟಿದರು. ತಂದೆ ಸತ್ತ ಮೇಲೆ ಗದ್ದುಗೆಗಾಗಿ ಜಗಳ ನಡೆಯಿತು. ಲಂಕಾದ ಗ್ರಂಥಗಳು ಅವನು ತೊಂಬತ್ತೊಂಬತ್ತು ಅಣ್ಣತಮ್ಮಂದಿರನ್ನು ಕೊಂದ, ಒಡಹುಟ್ಟಿದ ತಿಸ್ಸನೊಬ್ಬನನ್ನು ಉಳಿಸಿದ ಅನ್ನುತ್ತವೆ.

ಇಲ್ಲೇ ಒಂದು ಪರೀಕ್ಷೆ ಹಾಕಬಹುದು. ಅಶೋಕನದೇ ಐದನೆಯ ಬಂಡೆಶಾಸನ ಇದೆ. ಪಟ್ಟಾಭಿಷೇಕ ಆಗಿ ಹದಿಮೂರು ವರ್ಷದ ನಂತರ ಧರ್ಮಮಹಾಮಾತ್ರ ಅನ್ನುವ ಅಧಿಕಾರಿಗಳನ್ನು ನೇಮಿಸಿದ್ದನ್ನು ಹೇಳುವ ಶಾಸನ ಅದು. ಆ ಅಧಿಕಾರಿಗಳು ಎಲ್ಲೆಲ್ಲಿ ಕೆಲಸ ಮಾಡ್ತಿದ್ದಾರೆ ಅನ್ನೋ ಪಟ್ಟಿಯಲ್ಲಿ ತನ್ನ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳನ್ನೂ ಸೇರಿಸಿದ್ದಾನೆ. ತೊಂಬತ್ತೊಂಬತ್ತು ಜನರನ್ನು ಕೊಂದ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿದರೆ ಕಥೆ ಅಲುಗಾಡುತ್ತದೆ. ಪೂರ್ತಿ ಬೀಳುತ್ತೆ ಅಂತಲ್ಲ. ಗದ್ದುಗೆ ಜಗಳವೇ ಆಗಲಿಲ್ಲ ಅನ್ನೋಕೆ ಈ ಸಾಲು ಸಾಕಾಗಲ್ಲ. ಆದರೆ ಸಂಖ್ಯೆ ನಂಬೋ ಹಾಗಿಲ್ಲ. ಬೌದ್ಧ ಲೇಖಕರಿಗೆ ಮತಾಂತರಕ್ಕೆ ಮೊದಲಿನ ಅಶೋಕ ಎಷ್ಟು ಕೆಟ್ಟವನಾಗಿದ್ದರೆ ಮುಂದಿನ ಬದಲಾವಣೆ ಅಷ್ಟು ದೊಡ್ಡದಾಗಿ ಕಾಣ್ತಿತ್ತು, ಅದನ್ನೂ ಲೆಕ್ಕಕ್ಕೆ ಹಿಡೀಬೇಕು.

ಪಟ್ಟಾಭಿಷೇಕ ಕ್ರಿ.ಪೂ. 268ರ ಸುಮಾರಿಗೆ. ಈ ಇಸವಿ ಎಲ್ಲಿಂದ ಬಂತು? ಅಶೋಕ ಯಾವ ಶಕವನ್ನೂ ಬಳಸಲಿಲ್ಲ, ತನಗೆ ಅಭಿಷೇಕ ಆಗಿ ಇಷ್ಟು ವರ್ಷ ಅಂತ ಮಾತ್ರ ಎಣಿಸುತ್ತಿದ್ದ. ಆದರೆ ಹದಿಮೂರನೆಯ ಶಾಸನದಲ್ಲಿ ಐದು ಜನ ಗ್ರೀಕ್ ರಾಜರ ಹೆಸರು ಹೇಳಿದ್ದಾನೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಗ, ಅಲಿಕಸುಂದರ. ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯಾದ ಆಂಟಿಗೋನಸ್, ಸೈರೀನ್‌ನ ಮಾಗಸ್, ಮತ್ತೊಬ್ಬ ಅಲೆಕ್ಸಾಂಡರ್. ಈ ಐದೂ ಜನ ಒಟ್ಟಿಗೆ ಬದುಕಿದ್ದ ಕಾಲ ಕ್ರಿ.ಪೂ. 3ನೇ ಶತಮಾನದ ನಡುಭಾಗದ ಕೆಲವೇ ವರ್ಷ. ಆ ಕಿಟಕಿಯಿಂದಲೇ ಅಶೋಕನ ಇಡೀ ಕಾಲಗಣನೆ ನಿಂತಿರೋದು. ಎರಡು ಬೇರೆ ಬೇರೆ ಕಡೆಯ ದಾಖಲೆ, ಒಂದನ್ನೊಂದು ನೋಡದೆ ಬರೆದದ್ದು, ಒಂದೇ ಉತ್ತರ ಕೊಟ್ಟರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಅಭಿಷೇಕ ಆಗಿ ಎಂಟು ವರ್ಷಕ್ಕೆ ಕಳಿಂಗದ ಯುದ್ಧ. ಇವತ್ತಿನ ಒಡಿಶಾದ ಭಾಗ ಅದು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಬೇರೆ ಕಡೆ ಸಾಗಿಸಿದರು, ಇದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಈ ಲೆಕ್ಕ ಕೊಟ್ಟದ್ದು ಯಾವುದೋ ಶತ್ರುವಲ್ಲ, ಗೆದ್ದ ರಾಜನೇ. ಅದೇ ಹದಿಮೂರನೆಯ ಶಾಸನದಲ್ಲಿ. ಸತ್ತವರ ಬಂಧುಗಳಿಗೆ, ಸ್ನೇಹಿತರಿಗೆ ಆದ ನೋವನ್ನೂ ಅಲ್ಲಿ ಬರೆಸಿದ್ದಾನೆ, ಅದು ತನ್ನ ಮನಸ್ಸಿಗೆ ಭಾರವಾಗಿದೆ ಅಂತ ಒಪ್ಪಿಕೊಂಡಿದ್ದಾನೆ. ಹಾಗಂತ ಖಡ್ಗ ಬಿಸಾಡಿ ಸನ್ಯಾಸಿ ಆಗಲಿಲ್ಲ. ಕಳಿಂಗವನ್ನು ವಾಪಸ್ ಕೊಡಲಿಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ತಾನು ಪಶ್ಚಾತ್ತಾಪ ಪಟ್ಟಿದ್ದರೂ ಶಿಕ್ಷಿಸುವ ಶಕ್ತಿ ಇನ್ನೂ ಇದೆ ಅಂತ ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಶಾಲೆಯ ಪಾಠದಲ್ಲಿ ಈ ಸಾಲು ಬಿಟ್ಟುಹೋಗುತ್ತೆ, ನೋಡ್ರಿ.

ಹತ್ತನೆಯ ವರ್ಷದಲ್ಲಿ ಬುದ್ಧನಿಗೆ ಜ್ಞಾನೋದಯವಾದ ಬೋಧಗಯಾಕ್ಕೆ ಯಾತ್ರೆ ಹೋದ. ಅಲ್ಲಿಂದ ಮುಂದೆ ರಾಜರ ಬೇಟೆ ಪ್ರವಾಸ ನಿಂತು ಧರ್ಮಯಾತ್ರೆ ಶುರುವಾಯಿತು. ಹನ್ನೆರಡನೆಯ ವರ್ಷದಿಂದ ಶಾಸನ ಬರೆಸೋದು ಜೋರಾಯಿತು. ದೊಡ್ಡ ಬಂಡೆಶಾಸನಗಳು ಒಟ್ಟು ಹದಿನಾಲ್ಕು. ಮೊದಲನೆಯದರಲ್ಲಿ ಅರಮನೆಯ ಅಡುಗೆಮನೆಯ ಲೆಕ್ಕ: ಮೊದಲು ದಿನಾ ಲಕ್ಷಾಂತರ ಪ್ರಾಣಿ ಕೊಲ್ಲುತ್ತಿದ್ದರು, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವನ್ನೂ ನಿಲ್ಲಿಸುತ್ತೇವೆ ಅಂತ. ಸಂಪೂರ್ಣ ನಿಲ್ಲಿಸಿದ್ದೀನಿ ಅಂತ ಸುಲಭವಾಗಿ ಬರೆಸಬಹುದಿತ್ತು, ಪರೀಕ್ಷೆ ಮಾಡೋರು ಯಾರು? ಆದರೂ ಆಗದೇ ಉಳಿದ ಕೆಲಸವನ್ನು ಬಾಕಿ ಅಂತಲೇ ತೋರಿಸಿದ. ನನಗೆ ಅಶೋಕನಲ್ಲಿ ತುಂಬಾ ಇಷ್ಟವಾಗೋದು ಈ ಗುಣ.

ಈ ಪಠ್ಯಗಳೆಲ್ಲ ಪಾಟಲಿಪುತ್ರದಿಂದ ಹೊರಟು ದೂರದ ಊರು ಸೇರುತ್ತಿದ್ದವು. ಸನ್ನತಿಯೇ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು. ಪ್ರತಿ ಊರಿನಲ್ಲೂ ಒಬ್ಬ ಲಿಪಿಕಾರ ಅದನ್ನು ಕಲ್ಲಿಗೆ ಇಳಿಸಬೇಕು. ವಾಯವ್ಯದ ಶಾಹಬಾಜ್‌ಗಢಿ, ಮಾನ್ಸೆಹ್ರಾದಲ್ಲಿ ಬಲದಿಂದ ಎಡಕ್ಕೆ ಓಡುವ ಖರೋಷ್ಠಿ ಲಿಪಿ. ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆ. ಗುಜರಾತಿನ ಗಿರ್ನಾರ್‌ನಲ್ಲಿ ರಾಜ ಅನ್ನೋದಕ್ಕೆ ರಕಾರ, ಪೂರ್ವದ ಧೌಲಿಯಲ್ಲಿ ಅದೇ ಪದಕ್ಕೆ ಲಕಾರ. ಆಂಧ್ರದ ಎರ್ರಗುಡಿಯಲ್ಲಿ ಕಿರುಶಾಸನ ಕೆತ್ತಿದವನು ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ, ಹೊಲ ಉಳುವ ಎತ್ತು ತಿರುಗಿದ ಹಂಗೆ ಬರೆದುಬಿಟ್ಟ.

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯದ್ದು ಇನ್ನೂ ಸ್ವಾರಸ್ಯ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಪತ್ತೆ ಮಾಡಿದರು. ಅಲ್ಲಿ ಶಾಸನದ ಶುರುವಿನಲ್ಲಿ, ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೇಳುವುದೇನೆಂದರೆ ಅನ್ನೋ ಅರ್ಥದ ಒಕ್ಕಣೆ ಇದೆ. ಇದು ಜನರಿಗೆ ಓದಿ ಹೇಳುವ ಮಾತಲ್ಲ, ಆಫೀಸಿನಿಂದ ಆಫೀಸಿಗೆ ಹೋದ ಕವರಿನ ಮೇಲಿನ ಬರಹ. ಕೆತ್ತುವವನ ಕೈಗೆ ಹೋದ ಕಾಗದದಲ್ಲಿ ಎರಡೂ ಸೇರಿದ್ದವು, ಅವನು ಎರಡನ್ನೂ ಕೆತ್ತಿದ. ನಮ್ಮ ಸ್ಕ್ರಿಪ್ಟಿನ ಡೀಬಗ್ ಮೆಸೇಜು ಔಟ್‌ಪುಟ್ ಫೈಲಿಗೆ ಸೇರಿಕೊಳ್ಳುತ್ತಲ್ಲ, ಅದೇ ಜಾತಿ. ಆದರೆ ಆ ಸೋರಿಕೆಯಿಂದಲೇ ದಕ್ಷಿಣದ ಆಡಳಿತ ಸುವರ್ಣಗಿರಿಯಿಂದ ನಡೀತಿತ್ತು, ಇಸಿಲ ಅಂತ ಒಂದು ಊರಿತ್ತು ಅನ್ನೋದು ಇವತ್ತು ನಮಗೆ ಗೊತ್ತಿದೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹಾಕಿ, ಲಿಪಿಕಾರ ಅನ್ನೋ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಲಿಪಿ ಬಲ್ಲೆ ಅನ್ನೋ ಹೆಮ್ಮೆ ಇರಬೇಕು. ಪಾಪ, ಇರಲಿ ಬಿಡಿ.

ಇಷ್ಟೆಲ್ಲ ಏರುಪೇರು ಆಗುತ್ತೆ ಅನ್ನೋದು ಅಶೋಕನಿಗೆ ಗೊತ್ತಿತ್ತು. ಹದಿನಾಲ್ಕನೆಯ ಶಾಸನ, ಇಡೀ ಸರಣಿಯ ಕೊನೆಯದು, ಇದರ ಬಗ್ಗೆಯೇ ಇದೆ. ಶಾಸನಗಳು ಕೆಲವೆಡೆ ಚಿಕ್ಕದಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆ. ರಾಜ್ಯ ದೊಡ್ಡದು, ಎಲ್ಲವೂ ಎಲ್ಲ ಕಡೆ ಇರೋಕಾಗಲ್ಲ. ಕೆಲವು ಮಾತು ಮತ್ತೆ ಮತ್ತೆ ಬಂದಿರೋದು ಆ ಮಾತಿನ ಸವಿಗಾಗಿ, ಜನ ಅದರಂತೆ ನಡೆಯಲಿ ಅಂತ. ಏನಾದರೂ ಅಪೂರ್ಣವಾಗಿ ಬರೆದಿದ್ದರೆ ಅದಕ್ಕೆ ಸ್ಥಳ ಕಾರಣ ಇರಬಹುದು, ಬೇಕೆಂದೇ ಬಿಟ್ಟದ್ದಿರಬಹುದು, ಇಲ್ಲಾ ಲಿಪಿಕಾರನ ತಪ್ಪಿರಬಹುದು. ಇಷ್ಟು ಅದರ ಸಾರ. ಸನ್ನತಿಯ ಕಲ್ಲಿನಲ್ಲಿ ಇರುವ ಶಾಸನಗಳಲ್ಲಿ ಇದೂ ಒಂದು.

ಈಗ ಸ್ಕ್ರಿಪ್ಟಿಗೆ ಬರೋಣ. ಕೆಲಸ ಕೇಳೋಕೆ ಸರಳ: ಗಿರ್ನಾರ್, ಧೌಲಿ, ಎರ್ರಗುಡಿ, ಸನ್ನತಿ ಹೀಗೆ ಒಂದೊಂದು ಊರಿಗೆ ಒಂದೊಂದು ಫೈಲ್, ರೋಮನ್ ಲಿಪ್ಯಂತರದಲ್ಲಿ. ಒಂದು ಶೆಲ್ ಸ್ಕ್ರಿಪ್ಟ್ ಎರಡೆರಡನ್ನು ಹೋಲಿಸಿ ಎಲ್ಲೆಲ್ಲಿ ಬೇರೆ ಇದೆ ಅಂತ ಹೇಳಬೇಕು. ಹತ್ತು ಸಾಲಿನ ಕೆಲಸ. ಅದಕ್ಕೆ ಟೆಸ್ಟ್ ಯಾಕೆ ಅಂತ ಕೇಳೋರಿಗೆ ಈ ಡೇಟಾನೇ ಉತ್ತರ ಕೊಡುತ್ತೆ.

ಶಾಸನತಜ್ಞರು ಅನುಮಾನ ಇರೋ ಅಕ್ಷರವನ್ನು ಚೌಕ ಆವರಣದಲ್ಲಿ ಹಾಕ್ತಾರೆ, ಅಳಿಸಿಹೋದ ಜಾಗಕ್ಕೆ ಚುಕ್ಕೆ ಇಡ್ತಾರೆ, ಕೆಲವರು ಊಹೆಯ ಅಕ್ಷರಕ್ಕೆ ನಕ್ಷತ್ರ ಚಿಹ್ನೆ ಹಾಕ್ತಾರೆ. ಈ ಮೂರೂ ಶೆಲ್ಲಿಗೆ ಬೇರೆಯೇ ಅರ್ಥ! ವೇರಿಯಬಲ್ ಸುತ್ತ ಕೋಟ್ಸ್ ಹಾಕದೇ ಬಿಟ್ಟರೆ ನಕ್ಷತ್ರ ಇದ್ದ ಜಾಗದಲ್ಲಿ ಫೋಲ್ಡರಿನ ಫೈಲುಗಳ ಹೆಸರು ಬಂದು ಕೂರಬಹುದು. ಗ್ರೆಪ್‌ಗೆ ಚುಕ್ಕೆ ಅಂದ್ರೆ ಯಾವ ಅಕ್ಷರ ಆದರೂ ಆಯ್ತು ಅಂತ. ಹಾಗಾಗಿ ಅಳಿದುಹೋದ ಜಾಗವೂ ಹೊಂದಿಕೆ ಆಗಿದೆ ಅಂತ ಹೇಳಿಬಿಡುತ್ತೆ. ದೊಡ್ಡಕ್ಷರದ ಎಫ್ ಆಪ್ಷನ್ ಕೊಟ್ಟರೆ ಮಾತ್ರ ಚುಕ್ಕೆಯನ್ನು ಚುಕ್ಕೆ ಅಂತಲೇ ನೋಡುತ್ತೆ. ಆಮೇಲೆ ದೀರ್ಘ ಆಕಾರದ ರೋಮನ್ ಅಕ್ಷರ: ಯೂನಿಕೋಡಿನಲ್ಲಿ ಅದನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಅಕ್ಷರ ಮತ್ತು ಮೇಲಿನ ಗೆರೆ ಅಂತ ಎರಡು ಕೋಡ್ ಆಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಡಿಫ್‌ಗೆ ಎರಡು. ಎಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತರದಿದ್ದರೆ ಲಿಪಿಕಾರ ಮಾಡದ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿದ ಹಾಗಾಗುತ್ತೆ.

ಇನ್ನು ಎಕ್ಸಿಟ್ ಕೋಡ್. ಡಿಫ್ ಎರಡು ಫೈಲ್ ಒಂದೇ ಇದ್ದರೆ 0 ಕೊಡುತ್ತೆ, ಬೇರೆ ಇದ್ದರೆ 1, ಫೈಲೇ ಸಿಗದಂಥ ತೊಂದರೆ ಆದರೆ 2. ಸ್ಕ್ರಿಪ್ಟಿನ ಶುರುವಿನಲ್ಲಿ ಸೆಟ್ ಕಮಾಂಡಿಗೆ ಇ ಆಪ್ಷನ್ ಕೊಟ್ಟು, ಡಿಫನ್ನು ಇಫ್ ಒಳಗೆ ಇಡದೇ ಬರಿದೇ ಓಡಿಸಿದರೆ, ಮೊದಲ ವ್ಯತ್ಯಾಸ ಸಿಕ್ಕ ಕೂಡಲೇ ಸ್ಕ್ರಿಪ್ಟು ಸತ್ತುಬೀಳುತ್ತೆ, ಉಳಿದ ಊರುಗಳನ್ನು ನೋಡೋದೇ ಇಲ್ಲ. ಕೊಡದಿದ್ದರೆ ಫೈಲ್ ಕಾಣೆಯಾದರೂ ಮುಂದೆ ಓಡಿ, ಕೊನೆಯಲ್ಲಿ ಎಲ್ಲ ಸರಿ ಇದೆ ಅನ್ನೋ ಮುಖ ಹೊತ್ತು 0 ಕೊಡಬಹುದು. ಪೈಪ್ ಹಾಕಿದರಂತೂ ಕೊನೆಯ ಕಮಾಂಡಿನ ಕೋಡ್ ಮಾತ್ರ ಉಳಿಯುತ್ತೆ, ಪೈಪ್‌ಫೇಲ್ ಹಾಕದ ಹೊರತು. ಶೆಲ್ಲಿನ ದೊಡ್ಡ ಅಪಾಯ ಅದು ಸದ್ದಿಲ್ಲದೇ ಸೋಲುತ್ತೆ ಅನ್ನೋದು.

ಅದಕ್ಕೇ ಬ್ಯಾಟ್ಸ್‌ನಂಥ ಟೂಲ್ ಇರೋದು. ಪ್ರತಿ ಟೆಸ್ಟಿಗೆ ಮುಂಚೆ ಎಂಕೆಟೆಂಪ್‌ನಿಂದ ಹೊಸ ಖಾಲಿ ಫೋಲ್ಡರ್, ಅದರಲ್ಲಿ ಬೇಕಾದಷ್ಟೇ ಚಿಕ್ಕ ಫೈಲುಗಳು, ರನ್ ಅಂತ ಹೇಳಿ ಸ್ಕ್ರಿಪ್ಟ್ ಓಡಿಸೋದು, ಸ್ಟೇಟಸ್ ಮತ್ತು ಔಟ್‌ಪುಟ್ ನಾವು ನಿರೀಕ್ಷಿಸಿದ್ದೇನಾ ಅಂತ ನೋಡೋದು, ಮುಗಿದ ಮೇಲೆ ಫೋಲ್ಡರ್ ಅಳಿಸೋದು. ಒಂದೇ ಇರುವ ಎರಡು ಫೈಲ್, ಒಂದಕ್ಷರ ಬೇರೆ ಇರುವ ಎರಡು ಫೈಲ್, ಕಾಣೆಯಾದ ಫೈಲ್, ಖಾಲಿ ಫೈಲ್, ಹೆಸರಿನಲ್ಲಿ ಸ್ಪೇಸ್ ಇರುವ ಜಟಿಂಗ ರಾಮೇಶ್ವರ, ಆವರಣ ಚುಕ್ಕೆ ನಕ್ಷತ್ರ ತುಂಬಿದ ಸಾಲು. ಟೆಸ್ಟ್ ಓಡಿಸೋ ಮೊದಲು ಶೆಲ್‌ಚೆಕ್ ಹಾಕಿದರೆ ಬಿಟ್ಟುಹೋದ ಕೋಟ್ಸ್ ಎಷ್ಟೋ ಅಲ್ಲೇ ಸಿಕ್ಕಿಬೀಳುತ್ತೆ. ಇನ್ನೊಂದು ಮಾತು: ಹೊಸ ಟೆಸ್ಟ್ ಬರೆದಾಗ ಸ್ಕ್ರಿಪ್ಟನ್ನು ಬೇಕಂತಲೇ ಕೆಡಿಸಿ, ಟೆಸ್ಟ್ ಕೆಂಪಾಗುತ್ತಾ ಅಂತ ನೋಡಿ. ಎಂದೂ ಸೋಲದ ಟೆಸ್ಟು ಏನನ್ನೂ ಕಾಯುತ್ತಿಲ್ಲ.

ಇಷ್ಟು ಮಾಡಿ ಸನ್ನತಿಯ ಫೈಲನ್ನು ಗಿರ್ನಾರಿನ ಜೊತೆ ಹೋಲಿಸಿದರೆ ಒಂದು ದೊಡ್ಡ ವ್ಯತ್ಯಾಸ ಎದ್ದು ಕಾಣುತ್ತೆ. ಸನ್ನತಿಯ ಚಪ್ಪಡಿಯಲ್ಲಿ ಹನ್ನೆರಡನೆಯ ಶಾಸನ ಇದೆ, ಹದಿನಾಲ್ಕನೆಯದು ಇದೆ. ಹದಿಮೂರು ಇಲ್ಲ. ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಸನ್ನತಿ ಸಿಗುವವರೆಗೆ ಆ ಎರಡೂ ಜಗತ್ತಿನಲ್ಲಿ ಎರಡೇ ಕಡೆ ಇದ್ದವು: ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ. ಅಲ್ಲೂ ಹದಿಮೂರನೆಯದು ಇಲ್ಲ. ಯಾರ ಊರಿನಲ್ಲಿ ಒಂದು ಲಕ್ಷ ಜನ ಸತ್ತರೋ ಆ ಊರಿನವರಿಗೆ ಆ ಲೆಕ್ಕವನ್ನು ಕಲ್ಲಿನ ಮೇಲೆ ತೋರಿಸಲಿಲ್ಲ.

ಇದು ಲಿಪಿಕಾರನ ತಪ್ಪಲ್ಲ. ಬೇಕೆಂದೇ ಬಿಟ್ಟದ್ದು. ಡಿಫ್‌ಗೆ ಎರಡೂ ಒಂದೇ: ಇಷ್ಟು ಸಾಲು ಇಲ್ಲ ಅಂತ ಅಷ್ಟೇ ಹೇಳುತ್ತೆ. ಕೈಮರೆವು ಯಾವುದು, ತೀರ್ಮಾನ ಯಾವುದು ಅನ್ನೋದನ್ನ ಓದುವವರು ಕೂತು ಯೋಚಿಸಬೇಕು. ಕಳಿಂಗದಲ್ಲಿ ಯಾಕೆ ಬಿಟ್ಟ ಅನ್ನೋದು ಊಹಿಸಬಹುದು, ಗಾಯದ ಮೇಲೆ ಮತ್ತೆ ಕೈ ಹಾಕಬಾರದು ಅಂತಲೋ, ಸೋತವರ ಸಿಟ್ಟು ಕೆರಳದಿರಲಿ ಅಂತಲೋ. ಆದರೆ ನಮ್ಮ ಭೀಮಾ ತೀರದಲ್ಲಿ ಯಾಕೆ? ಕಳಿಂಗಕ್ಕೆ ಹೋದ ಕಟ್ಟಿನ ಇನ್ನೊಂದು ಪ್ರತಿ ಇಲ್ಲಿಗೆ ಬಂತಾ, ಇಲ್ಲಾ ಇಲ್ಲಿಯ ಜನರನ್ನೂ ಹಾಗೇ ಸಮಾಧಾನ ಮಾಡಬೇಕಾದ ಸ್ಥಿತಿ ಇತ್ತಾ? ಎರಡನೆಯದೂ ತಳ್ಳಿಹಾಕುವ ಹಾಗಿಲ್ಲ ಅಂತ ನನಗನಿಸುತ್ತೆ.

ಆ ಪ್ರತ್ಯೇಕ ಶಾಸನಗಳಲ್ಲಿ ಇರೋದನ್ನ ನೋಡಿ. ಒಂದರಲ್ಲಿ ನಗರದ ನ್ಯಾಯಾಧಿಕಾರಿಗಳಿಗೆ ಆಜ್ಞೆ. ಎಲ್ಲ ಮನುಷ್ಯರೂ ತನ್ನ ಮಕ್ಕಳು ಅನ್ನೋ ಭಾವನೆ ಹೇಳಿ, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಅನ್ನುತ್ತಾನೆ. ಅಧಿಕಾರಿ ನ್ಯಾಯ ತಪ್ಪೋದಕ್ಕೆ ಕಾರಣಗಳನ್ನೂ ಎಣಿಸುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸ ಸಾಲದಿರೋದು, ಸೋಮಾರಿತನ, ದಣಿವು. ದಣಿವನ್ನು ಪಟ್ಟಿಗೆ ಸೇರಿಸಿದ್ದು ಆಡಳಿತ ನಡೆಸಿ ಗೊತ್ತಿದ್ದವನ ಮಾತು. ಇನ್ನೊಂದು ಗಡಿಯಾಚೆಯ, ಇನ್ನೂ ಗೆಲ್ಲದ ಜನರ ಬಗ್ಗೆ: ಅವರು ತನ್ನನ್ನು ಕಂಡು ಹೆದರಬೇಕಿಲ್ಲ, ತಂದೆಯ ಹಾಗೆ ನೋಡಿಕೊಳ್ಳುತ್ತೇನೆ ಅಂತ ಅವರಿಗೆ ನಂಬಿಕೆ ಬರಿಸಿ ಅಂತ.

ಬರೆಸಿದ ಮೇಲೆ ಜಾರಿ ಆಗ್ತಿದೆಯಾ ಅಂತ ನೋಡೋದಕ್ಕೂ ವ್ಯವಸ್ಥೆ ಇತ್ತು. ಶಾಸನವನ್ನು ತಿಷ್ಯ ನಕ್ಷತ್ರದ ದಿನ ಓದಿ ಹೇಳಬೇಕು, ನಡುವೆ ಕೇಳುವವನು ಒಬ್ಬನೇ ಇದ್ದರೂ ಓದಬೇಕು. ಐದು ವರ್ಷಕ್ಕೊಮ್ಮೆ ಸಿಡುಕಿಲ್ಲದ, ಮೃದು ಸ್ವಭಾವದ ಅಧಿಕಾರಿಯನ್ನು ತಪಾಸಣೆಗೆ ಕಳಿಸುತ್ತೇನೆ. ಉಜ್ಜಯಿನಿ ಮತ್ತು ತಕ್ಷಶಿಲೆಯಿಂದ ಮೂರು ವರ್ಷ ಮೀರದಂತೆ. ಕ್ರಾನ್ ಜಾಬ್ ಇಟ್ಟ ಹಾಗೆ. ಆದರೆ ತಪಾಸಣೆ ಮಾಡುವವನೂ ರಾಜನ ನೌಕರನೇ, ಸೆರೆಮನೆಯಲ್ಲಿದ್ದವನ ಮಾತು ಪಾಟಲಿಪುತ್ರ ಮುಟ್ಟುತ್ತಿತ್ತಾ ಅನ್ನೋದಕ್ಕೆ ಕಲ್ಲಿನಲ್ಲಿ ಉತ್ತರ ಇಲ್ಲ.

ಅಶೋಕನ ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. ಇಪ್ಪತ್ತನೆಯ ವರ್ಷ ಲುಂಬಿನಿಗೆ ಹೋಗಿ ಕಂಬ ನೆಡಿಸಿ, ಆ ಊರಿನ ಸುಗ್ಗಿಯ ತೆರಿಗೆಯನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದ. ಇಪ್ಪತ್ತಾರು, ಇಪ್ಪತ್ತೇಳನೆಯ ವರ್ಷಗಳಲ್ಲಿ ಕಂಬಶಾಸನಗಳು. ಅಲಹಾಬಾದಿನ ಕಂಬದಲ್ಲಿ ರಾಣಿ ಕಾರುವಾಕಿ ಮತ್ತು ಮಗ ತೀವರನ ಹೆಸರಿದೆ. ಶಾಸನಗಳಲ್ಲಿ ಹೆಸರು ಬರುವ ಮಗ ಇವನೊಬ್ಬನೇ, ಲಂಕೆಗೆ ಹೋದ ಮಹಿಂದನಾಗಲಿ ಸಂಘಮಿತ್ತೆಯಾಗಲಿ ಇಲ್ಲ. ಕೊನೆಯ ದಿನಗಳ ಬಗ್ಗೆ ಶಾಸನ ಮೌನ. ಅಶೋಕಾವದಾನದ ಕಥೆಯಲ್ಲಿ ಅವನು ಎಲ್ಲವನ್ನೂ ಸಂಘಕ್ಕೆ ದಾನ ಮಾಡುತ್ತಾ ಹೋಗಿ, ಮಂತ್ರಿಗಳು ಬೊಕ್ಕಸ ಮುಚ್ಚಿದ ಮೇಲೆ, ಕೈಯಲ್ಲಿ ಉಳಿದ ಅರ್ಧ ನೆಲ್ಲಿಕಾಯಿಯನ್ನೂ ಕಳಿಸಿಕೊಟ್ಟನಂತೆ. ಕ್ರಿ.ಪೂ. 232ರ ಸುಮಾರಿಗೆ ತೀರಿಕೊಂಡ. ಮೊಮ್ಮಗ ದಶರಥನ ಶಾಸನಗಳು ಬಿಹಾರದ ನಾಗಾರ್ಜುನಿ ಗುಹೆಗಳಲ್ಲಿವೆ.

ಆಮೇಲೆ ಆ ಲಿಪಿಯನ್ನೇ ಓದುವವರಿಲ್ಲದೆ ಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದಾಗ ಸಿಕ್ಕಿದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಅನ್ನೋ ಬಿರುದು. ಅವರು ಮೊದಲು ಅದು ಲಂಕೆಯ ರಾಜ ಅಂದುಕೊಂಡರು. ಲಂಕೆಯಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ನೋಡಿ ಅವನು ಅಶೋಕ ಅಂತ ಹೇಳಿದರು. ಆದರೆ ಕಲ್ಲಿನಲ್ಲೇ ಆ ಹೆಸರು ಕಾಣಬೇಕಲ್ಲ? ಅದಕ್ಕೆ 1915ರವರೆಗೆ ಕಾಯಬೇಕಾಯಿತು, ಮತ್ತೆ ಅದು ಸಿಕ್ಕಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿ ಇಂಜಿನಿಯರ್ ಸಿ. ಬೀಡನ್ ಪತ್ತೆ ಮಾಡಿದ ಆ ಬಂಡೆಯಲ್ಲಿ ಬಿರುದಿನ ಜೊತೆ ಅಶೋಕ ಅಂತಲೂ ಇದೆ. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳದಲ್ಲೂ ಆ ಹೆಸರು ಸಿಕ್ಕಿತು.

ಸನ್ನತಿಯಿಂದ ಸ್ವಲ್ಪ ದೂರದಲ್ಲಿ ಕನಗನಹಳ್ಳಿ ಇದೆ. 1994ರಿಂದ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಅದರ ಒಂದು ಚಪ್ಪಡಿಯಲ್ಲಿ ರಾಜನೊಬ್ಬ, ಪಕ್ಕದಲ್ಲಿ ರಾಣಿ, ಸುತ್ತ ಛತ್ರ ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿಯಲ್ಲಿ ರಾಜ ಅಶೋಕ ಅನ್ನೋ ಅರ್ಥದ ಎರಡೇ ಪದ. ಅವನು ಸತ್ತು ತಲೆಮಾರುಗಳೇ ಕಳೆದ ಮೇಲೆ, ಶಾತವಾಹನರ ಕಾಲದಲ್ಲಿ, ಅವನ ಮುಖ ಕಾಣದ ಶಿಲ್ಪಿ ಕೆತ್ತಿದ್ದು. ಹಾಗಾಗಿ ಅವನು ಹೀಗೇ ಇದ್ದ ಅಂತ ಹೇಳೋಕಾಗಲ್ಲ. ಆದರೆ ಉತ್ತರದಲ್ಲಿ ಅವನನ್ನು ಮರೆಯುತ್ತಿದ್ದಾಗಲೂ ಈ ಭಾಗದಲ್ಲಿ ಹೆಸರು ಹಾಕಿ ಗುರುತಿಸುವಷ್ಟು ನೆನಪು ಉಳಿದಿತ್ತು. ಎಷ್ಟು ಕಾಲ ಉಳಿಯಿತೋ, ಮುಂದೊಂದು ದಿನ ಯಾರೋ ಕಲ್ಲುಕುಟಿಗರು ಸನ್ನತಿಯ ಆ ಶಾಸನದ ಚಪ್ಪಡಿಯನ್ನು ಮಲಗಿಸಿ, ದೇವಿಯನ್ನು ನಿಲ್ಲಿಸೋಕೆ ನಡುವೆ ತೂತು ಕೊರೆದರು. ಅಲ್ಲಿದ್ದ ಅಕ್ಷರ ಹೋಯಿತು. ನಮ್ಮ ಫೈಲಿನಲ್ಲಿ ಆ ಜಾಗಕ್ಕೆ ಚುಕ್ಕೆಗಳಿವೆ, ಅದರ ಟೆಸ್ಟಿಗೆ ಬ್ಯಾಟ್ಸ್‌ನಲ್ಲಿ ಸ್ಕಿಪ್ ಅಂತ ಹಾಕಿ ಕಾರಣ ಬರೆದಿಟ್ಟಿದ್ದೀವಿ. ಓಡಿಸಿದಾಗಲೆಲ್ಲ ಆ ಸಾಲು ಪಾಸೂ ಅನ್ನದೆ ಫೇಲೂ ಅನ್ನದೆ, ಕಲ್ಲು ಒಡೆದಿದೆ ಅಂತ ತೋರಿಸಿ ಮುಂದಿನದಕ್ಕೆ ಹೋಗುತ್ತೆ.

ನೋಡೋಕೆ ಹೋಗೋರಿಗೆ: ವಾಡಿ ದಾಟಿ ನಾಲವಾರ ಸ್ಟೇಷನ್ನಿನಲ್ಲಿ ಇಳಿದರೆ ಸನ್ನತಿ ಹತ್ತಿರ. ಗುಡಿಗೆ ಹೋದವರು ಕನಗನಹಳ್ಳಿಗೂ ಹೋಗಿಬನ್ನಿ.